ಕೇರಿಯ ಮಣ್ಣಿಗೂ ಬಾಯಿ ಐತಿ

ನಾಳೆ ಕೂಡ್ಲಿಗಿಯಲ್ಲೋ ಕೊಟ್ಟೂರಲ್ಲೋ ಹಳೇ ಊರು ಕೆಡವಿ ರಸ್ತೆ ಅಗಲ ಮಾಡಬೇಕು ಅಂದರೆ ಮೊದಲು ಏನು ಬರತೈತಿ? ಜೆಸಿಬಿ ಬರತೈತಿ. ಗುಡಿ ಎದುರಾದರೆ ನಿಲ್ಲತೈತಿ. ಸಾಹೇಬರು ಬರತಾರ, ಫೋಟೋ ಹಿಡೀತಾರ, ಶಾಸನ ಓದತಾರ. ಕೇರಿ ಎದುರಾದರೆ ಜೆಸಿಬಿ ನಿಲ್ಲೋದಿಲ್ಲ. ಅಲ್ಲಿ ಓದೋದು ಏನೈತಿ ಅಂತಾರ.

ಏನೈತಿ ಅಂತ ನಾವು ಹೇಳತೇವಿ, ಕೇಳ್ರಿ.

ನಮ್ಮ ಜಿಲ್ಲೆಯ ಹಂಪಿಯನ್ನೇ ನೋಡ್ರಿ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. 1970ರ ದಶಕದಿಂದಲೇ ಅಲ್ಲಿ ದೊಡ್ಡ ಉತ್ಖನನ ನಡೆದಿತ್ತು. ಅರಮನೆಗಳ ತಳಪಾಯ ಸಿಕ್ಕಿತು, ಮೆಟ್ಟಿಲು ಪುಷ್ಕರಣಿ ಸಿಕ್ಕಿತು. ಹೆಸರಿಟ್ಟರು, ಬೇಲಿ ಹಾಕಿದರು. ಆ ಮಣ್ಣನ್ನು ಬುಟ್ಟಿ ಬುಟ್ಟಿ ಹೊತ್ತು ಹಾಕಿದ ಕೂಲಿಯವರ ಹೆಸರು ಯಾವ ಫಲಕದ ಮೇಲೈತಿ?

ಕೃಷ್ಣದೇವರಾಯನ ಕಾಲಕ್ಕೆ ಬಂದ ಪೋರ್ಚುಗೀಸ್ ಪೇಸ್, ರಾಯನ ಕೆರೆಗೆ 15ರಿಂದ 20 ಸಾವಿರ ಜನ ದುಡಿಯೋದನ್ನು ಕಂಡ. ಕಟ್ಟೆ ನಿಲ್ಲದೆ ಒಡೆದಾಗ 60 ಮನುಷ್ಯರ ತಲೆ ಕಡಿಸಿ ಬಲಿ ಕೊಟ್ಟರೆಂದೂ ಬರೆದ. ರಾಯ ಎಲ್ಲಿ ಮಲಗುತ್ತಿದ್ದನೆಂದು ಹುಡುಕಿದಿರಿ. ಆ 20 ಸಾವಿರ ಜನ ಎಲ್ಲಿ ಮಲಗಿದರು? ಯಾವ ಒಲೆಯಲ್ಲಿ ಅಂಬಲಿ ಕಾಸಿದರು? ಆ 60 ಮಂದಿಯ ಎಲುಬು ಎಲ್ಲೈತಿ?

ಹುಡುಕೋಕೆ ಆಗೋದಿಲ್ಲ ಅನ್ನಬೇಡ್ರಿ. 1980ರ ದಶಕದ ಕೊನೆಯಿಂದ ಕಾರ್ಲಾ ಸಿನೊಪೊಲಿ, ಕ್ಯಾಥ್ಲೀನ್ ಮಾರಿಸನ್ ಹಂಪಿಯ ಸುತ್ತ ನಡೆದು ನಡೆದು ಕೆರೆ, ಹೊಲ, ದಾರಿಗಳನ್ನು ದಾಖಲಿಸಿದರು. ಬಳ್ಳಾರಿ ದಾರಿಯ ಕುಡತಿನಿ ಬೂದಿದಿಬ್ಬ ಏನು? ಸಾವಿರಾರು ವರ್ಷದ ಹಿಂದಿನ ದನಗಾಹಿಗಳು ಸುಟ್ಟ ಸಗಣಿಯ ರಾಶಿ. ಅದು ಇತಿಹಾಸ, ನಮ್ಮ ಕೇರಿಯ ತಿಪ್ಪೆ ಹೊಲಸು. ಇದು ಯಾವ ಶಾಸ್ತ್ರ? ತೊಗಲು ನೆನೆಹಾಕಿದ ತೊಟ್ಟಿ, ದನದ ಎಲುಬು, ಒಡೆದ ಮಡಕೆ, ಊರ ಬಾವಿಗೆ ಸೇರಿಸದಿದ್ದಾಗ ನಾವೇ ತೋಡಿಕೊಂಡ ಬಾವಿ. ಇವು ನಮ್ಮ ಶಾಸನ. ಓದೋ ಕಣ್ಣು ಬೇಕು ಅಷ್ಟೆ.

ಇನ್ನೊಂದು ಮೋಸವೂ ನಮಗೆ ಗೊತ್ತು. 2011ರ ಜುಲೈನಲ್ಲಿ ಪರಂಪರೆ ಉಳಿಸುವ ಹೆಸರಲ್ಲೇ ಹಂಪಿ ಬಜಾರಿನ ಮನೆ, ಅಂಗಡಿ ಕೆಡವಿದರು. ಕಲ್ಲುಕಂಬ ಉಳಿದವು. ಕಂಬದ ನೆರಳಲ್ಲಿ ಬಾಳಿದವರು ಒತ್ತುವರಿದಾರರಾದರು. ಶೋಧನೆ ಅಂದರೆ ಒಕ್ಕಲೆಬ್ಬಿಸೋ ನೋಟೀಸು ಅನ್ನೋದಾದರೆ ಅದು ನಮಗೆ ಬೇಡ.

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಐತಿ. 2010ರ ತಿದ್ದುಪಡಿ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ನಿಷೇಧಿಸಿತು, ಅದರಾಚೆ 200 ಮೀಟರ್ ನಿಯಂತ್ರಿಸಿತು. ಗುಡಿಯಿಂದ ದೂರ ಇಟ್ಟ ಕೇರಿಗೆ ಈ ಅಳತೆಪಟ್ಟಿ ಮುಟ್ಟೋದೇ ಇಲ್ಲ. ಇಂಗ್ಲೆಂಡಿನಲ್ಲಿ 1990ರಿಂದ ಕಟ್ಟುವವನೇ ಮೊದಲು ನೆಲ ಶೋಧಿಸಿ ಖರ್ಚು ಹೊರುವ ಪದ್ಧತಿ ಬಂತು. ಇಲ್ಲಿ ಯಾಕಾಗಬಾರದು?

2021ರಲ್ಲಿ ವಿಜಯನಗರ ಜಿಲ್ಲೆ ಆಯಿತು. ರಾಯರ ಹೆಸರು ಹೊತ್ತು ತಿರುಗಿದರೆ ನಮ್ಮ ಹೊಟ್ಟೆ ತುಂಬೀತೆ? ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲಾ ಕಡೆ ನಮ್ಮ ಬೇಡಿಕೆ ಒಂದೇ. ಊರು ಕೆಡವೋ ಮೊದಲು ನೆಲ ಓದ್ರಿ. ಗುಡಿಯಂಗಳ ಓದಿದಷ್ಟೇ ಶ್ರದ್ಧೆಯಿಂದ ಕೇರಿ ಓದ್ರಿ. ಕೇರಿಯ ಮುದುಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದ್ರಿ. ಅಗೆದವರ ಹೆಸರು ವರದಿಯಲ್ಲಿ ಬರೀರಿ. ಇದ್ದವರಿಗೆ ಅದೇ ಊರಲ್ಲಿ ಹಕ್ಕುಪತ್ರದ ಮನೆ ಕೊಡದೆ ಗುದ್ದಲಿ ಎತ್ತಬೇಡ್ರಿ.

ಇಷ್ಟು ದಿನ ನೀವು ತೋರಿಸಿದಲ್ಲಿ ನಾವು ತೋಡಿದೆವು. ಇನ್ನು ಎಲ್ಲಿ ತೋಡಬೇಕೆಂದು ನಾವು ತೋರಿಸುತ್ತೇವೆ.