ತೂಕವೊಂದೇ ಅಲ್ಲ
ಜಿಗಣಿಯ ಕಾರ್ಖಾನೆಗಳಲ್ಲಿ ಶನಿವಾರದ ಪಾಳಿ ಮುಗಿಸಿ ಸಕಲೇಶಪುರ, ಚಿಕ್ಕಮಗಳೂರಿನ ಕಡೆ ಬೈಕ್ ಹತ್ತುವ ಗೆಳೆಯರಿಗೆ ಒಂದು ಮಾತು: ಟೆಂಟ್ ಕೊಳ್ಳುವಾಗ ತೂಕ ಒಂದನ್ನೇ ನೋಡಬೇಡಿ. ಇಬ್ಬರ ಟೆಂಟ್ 2 ಕಿಲೋ ಆಸುಪಾಸಿದ್ದರೆ ಬೆನ್ನಿಗೆ ಹಿತ, ನಿಜ. ಆದರೆ ಅಗ್ಗದ ಒಂದೇ ಪದರದ ಟೆಂಟಿನಲ್ಲಿ, ಮಲೆನಾಡಿನ ಥಂಡಿಗೆ, ನಮ್ಮ ಉಸಿರೇ ಒಳಗೋಡೆಯ ಮೇಲೆ ನೀರಾಗಿ ಬೆಳಗಿನ ಹೊತ್ತಿಗೆ ಹೊದಿಕೆಯನ್ನೆಲ್ಲ ತೋಯಿಸುತ್ತದೆ. ಒಳಗೆ ಗಾಳಿಯಾಡುವ ಬಲೆಬಟ್ಟೆ, ಹೊರಗೆ ನೆಲದತನಕ ಇಳಿಯುವ ಮಳೆಹೊದಿಕೆ, ಎರಡೂ ಬೇರೆಬೇರೆ ಇರಲೇಬೇಕು. ಹೊರಪದರದ ನೀರುತಡೆ 2000 ಮಿಲಿಮೀಟರ್‌ಗಿಂತ ಕಡಿಮೆ ಬೇಡ. ಹೊಲಿಗೆಗಳ ಮೇಲೆ ಪಟ್ಟಿ ಅಂಟಿಸಿದೆಯೇ ನೋಡಿ. ಕೋಲಿಗೆ ಫೈಬರ್‌ಗ್ಲಾಸ್‌ಗಿಂತ ಹಗುರವಾದ ಅಲ್ಯೂಮಿನಿಯಂ ಲೇಸು. ಅರಣ್ಯದೊಳಗೆ, ನಮ್ಮ ಪಕ್ಕದ ಬನ್ನೇರುಘಟ್ಟವೂ ಸೇರಿ, ಅನುಮತಿಯಿಲ್ಲದೆ ಟೆಂಟ್ ಹಾಕುವಂತಿಲ್ಲ; ದಯವಿಟ್ಟು ಒಪ್ಪಿಗೆ ಪಡೆದ ಜಾಗದಲ್ಲೇ ಹಾಕಿ.