ಡ್ರೈ ನೀಡ್ಲಿಂಗ್: ಸೂಜಿ ಹಿಡಿಯುವವರಿಗೆ ಎಷ್ಟು ತರಬೇತಿ ಬೇಕು?

ಸೋಚಿ ಚಳಿಗಾಲದ ಒಲಿಂಪಿಕ್ಸ್‌ಗೆ ಕೆಲವೇ ತಿಂಗಳು ಉಳಿದಿದ್ದಾಗ, 2013ರ ಕೊನೆಯಲ್ಲಿ, ಅಮೆರಿಕದ ಸ್ಕೀ ಪಟು ಟೊರಿನ್ ಯೇಟರ್-ವಾಲೇಸ್ ಅವರ ಒಂದು ಶ್ವಾಸಕೋಶ ಕುಸಿಯಿತು. ಕಾರಣ ಹಿಮದ ಮೇಲಿನ ಬೀಳು ಅಲ್ಲ. ನೋವು ನಿವಾರಣೆಗೆಂದು ಚುಚ್ಚಿದ ತೆಳು ಸೂಜಿ. ಈ ಚಿಕಿತ್ಸೆಯ ಹೆಸರು ಡ್ರೈ ನೀಡ್ಲಿಂಗ್. ಔಷಧವಿಲ್ಲದ ಸೂಜಿಯನ್ನು ಸ್ನಾಯುವಿನಲ್ಲಿ ಗಂಟುಕಟ್ಟಿದ ನೋವಿನ ಬಿಂದುವಿಗೆ ಇಳಿಸುವುದೇ ಇದರ ವಿಧಾನ.

ಅಮೆರಿಕದಲ್ಲಿ ಫಿಸಿಯೋಥೆರಪಿಸ್ಟ್‌ಗಳ ನಂತರ ಈಗ ಆಕ್ಯುಪೇಷನಲ್ ಥೆರಪಿಸ್ಟ್‌ಗಳೂ ಈ ಸೂಜಿಯ ಹಕ್ಕು ಕೇಳುತ್ತಿದ್ದಾರೆ. ಪಾರ್ಶ್ವವಾಯು ಪೀಡಿತರಿಗೆ ಗುಂಡಿ ಹಾಕುವುದನ್ನು, ಪೆಟ್ಟಾದ ಕೈಗೆ ಲೋಟ ಹಿಡಿಯುವುದನ್ನು ಮತ್ತೆ ಕಲಿಸುವವರು ಇವರು. ಕೆಲವು ರಾಜ್ಯಗಳು ಒಪ್ಪಿವೆ, ಕೆಲವು ಒಪ್ಪಿಲ್ಲ.

ಇದುವರೆಗಿನ ಜಗಳ ಹೆಚ್ಚಾಗಿ ಸೂಜಿಯ ಒಡೆತನದ್ದು. ಇದು ಅಕ್ಯುಪಂಕ್ಚರ್‌ನ ಮತ್ತೊಂದು ಹೆಸರಷ್ಟೇ ಎಂಬುದು ಅಕ್ಯುಪಂಕ್ಚರ್ ತಜ್ಞರ ವಾದ. ಫಿಸಿಯೋಥೆರಪಿಸ್ಟ್‌ಗಳ ವೃತ್ತಿವ್ಯಾಪ್ತಿಗೆ ಇದು ಸೇರದೆಂದು ವಾಷಿಂಗ್ಟನ್ ರಾಜ್ಯದ ಅಟಾರ್ನಿ ಜನರಲ್ 2016ರಲ್ಲಿ ಅಭಿಪ್ರಾಯ ನೀಡಿದರು. ಎರಡು ವರ್ಷಗಳ ನಂತರ ನಾರ್ತ್ ಕೆರೊಲಿನಾದ ಸುಪ್ರೀಂ ಕೋರ್ಟ್ ಇದಕ್ಕೆ ವಿರುದ್ಧವಾದ ನಿಲುವು ತಳೆಯಿತು. ರೋಗಿಯ ದೃಷ್ಟಿಯಿಂದ ನೋಡಿದರೆ ಈ ವ್ಯಾಜ್ಯಕ್ಕೆ ಅಷ್ಟೇನೂ ಅರ್ಥವಿಲ್ಲ.

ಅರ್ಥವಿರುವುದು ತರಬೇತಿಯ ಪ್ರಶ್ನೆಗೆ. ಮೇರಿಲ್ಯಾಂಡ್ ರಾಜ್ಯ ಫಿಸಿಯೋಥೆರಪಿಸ್ಟ್‌ಗಳಿಗೆ ಕನಿಷ್ಠ 80 ಗಂಟೆಗಳ ಕಲಿಕೆಯನ್ನು ವಿಧಿಸಿದೆ. ಅಕ್ಯುಪಂಕ್ಚರ್‌ಗೆ ಇರುವಂತಹ ತರಬೇತಿ ಮತ್ತು ಪ್ರಮಾಣೀಕರಣ ಇಲ್ಲಿಯೂ ಬೇಕೆಂದು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 2016ರಲ್ಲಿ ನಿರ್ಣಯಿಸಿತು. ಇದಕ್ಕೆ ಪ್ರತಿಯಾಗಿ ಫಿಸಿಯೋಥೆರಪಿಸ್ಟ್‌ಗಳು ಮುಂದಿಡುವುದು 2015ರ ಒಂದು ಅಧ್ಯಯನವನ್ನು. ಬೇಕಾದ ಜ್ಞಾನದ ಶೇ. 86ರಷ್ಟು ಮೂಲ ಪದವಿಯಲ್ಲೇ ದೊರೆಯುತ್ತದೆ ಎಂದು ಅದು ಹೇಳುತ್ತದೆ. ಆದರೆ ಉಳಿದ ಶೇ. 14ರಲ್ಲಿ ಇರುವುದು ಹೆಚ್ಚಾಗಿ ಸೂಜಿ ಹಿಡಿಯುವ ಕೌಶಲವೇ! ಅಪಾಯ ಇರುವುದೂ ಅಲ್ಲಿಯೇ. ಮೇಲಾಗಿ ಅದು ಫಿಸಿಯೋಥೆರಪಿ ಪದವಿಯ ಲೆಕ್ಕ. ಆಕ್ಯುಪೇಷನಲ್ ಥೆರಪಿಯ ಪಠ್ಯಕ್ರಮವೇ ಬೇರೆ. ಆ ಅಂಕಿಯನ್ನು ಹಾಗೆಯೇ ಎರವಲು ತರುವಂತಿಲ್ಲ.

ಹಾಗೆಂದು ಇವರಿಗೆ ಬಾಗಿಲು ಮುಚ್ಚುವುದೂ ನ್ಯಾಯವಲ್ಲ. ಕೈಯ ಪುನಶ್ಚೇತನದಲ್ಲಿ ವಿಶೇಷ ಪರಿಣತಿ ಪಡೆದವರಿಗೆ ಮುಂಗೈಯ ಸ್ನಾಯು, ನರಗಳ ಪರಿಚಯ ಆಳವಾಗಿಯೇ ಇರುತ್ತದೆ. ಅದೇ ಸೂಜಿ ಭುಜದ ಮೇಲ್ಭಾಗಕ್ಕೆ ಹೋದರೆ ಕಥೆ ಬೇರೆ. ಶ್ವಾಸಕೋಶದ ತುದಿ ಕೊರಳೆಲುಬಿಗಿಂತ ಎರಡು-ಮೂರು ಸೆಂಟಿಮೀಟರ್ ಮೇಲಕ್ಕೆ ಚಾಚಿರುತ್ತದೆ. ಕೃಶ ದೇಹದವರಲ್ಲಿ ಅದು ಚರ್ಮಕ್ಕೆ ಇನ್ನೂ ಸಮೀಪ. ಎದೆಗೂಡಿನೊಳಗೆ ಗಾಳಿ ಸೇರಿದ ಲಕ್ಷಣ ಕೆಲವೊಮ್ಮೆ ರೋಗಿ ಮನೆಗೆ ತೆರಳಿದ ಹಲವು ಗಂಟೆಗಳ ನಂತರ ಕಾಣಿಸಿಕೊಳ್ಳುವುದುಂಟು. ಆದ್ದರಿಂದ ಒಟ್ಟು ಗಂಟೆಗಳನ್ನು ಎಣಿಸುವುದಕ್ಕಿಂತ ದೇಹದ ಭಾಗವಾರು ಅನುಮತಿ ನೀಡುವುದು ವಿವೇಕದ ದಾರಿ. ಮುಂಗೈಗೆ ಒಂದು ಪರೀಕ್ಷೆ, ಎದೆ-ಬೆನ್ನಿಗೆ ಇನ್ನೂ ಕಠಿಣವಾದ ಮತ್ತೊಂದು. ಎರಡೂ ಹಿರಿಯರ ಕಣ್ಣೆದುರಿನಲ್ಲಿ.

ಅಪಾಯವನ್ನು ಹಿಗ್ಗಿಸಿ ಹೇಳಬೇಕಾಗಿಲ್ಲ. ಐರ್ಲೆಂಡ್‌ನಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು 7,629 ಚಿಕಿತ್ಸೆಗಳನ್ನು ಪರಿಶೀಲಿಸಿತು. ರಕ್ತ ಹೆಪ್ಪುಗಟ್ಟುವುದು, ನೋವಿನಂತಹ ಸಣ್ಣ ತೊಂದರೆಗಳು ಶೇ. 19ರಷ್ಟಿದ್ದವು, ಗಂಭೀರವಾದುದು ಒಂದೂ ಇರಲಿಲ್ಲ. ಆದರೆ ಅಲ್ಲಿ ಸೂಜಿ ಹಿಡಿದಿದ್ದವರೆಲ್ಲ ತರಬೇತಾದ ಫಿಸಿಯೋಥೆರಪಿಸ್ಟ್‌ಗಳು ಎಂಬುದನ್ನು ಮರೆಯುವಂತಿಲ್ಲ.

ಭಾರತದಲ್ಲಿ 2021ರ ಅಲೈಡ್ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಈ ಎರಡೂ ವೃತ್ತಿಗಳನ್ನು ತನ್ನ ವ್ಯಾಪ್ತಿಗೆ ತಂದಿತು. ಡ್ರೈ ನೀಡ್ಲಿಂಗ್‌ನ ಹೆಸರು ಮಾತ್ರ ಆ ಕಾಯ್ದೆಯಲ್ಲಿಲ್ಲ. ಬಳಸಿದ ಸೂಜಿಯನ್ನು ಚುಚ್ಚಿ ಹೊರಬರಲಾಗದ ಬಿಳಿ ಡಬ್ಬಿಯಲ್ಲೇ ಹಾಕಬೇಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಸ್ಪಷ್ಟವಾಗಿ ಹೇಳಿವೆ. ಆ ಸೂಜಿ ಡಬ್ಬಿಗೆ ಬೀಳುವ ಮುನ್ನ ಯಾರ ಕೈಯಲ್ಲಿತ್ತು, ಆ ಕೈ ಎಷ್ಟು ದಿನ ಕಲಿತಿತ್ತು ಎಂದು ಬೆಂಗಳೂರಿನ ಯಾವುದೇ ಕ್ಲಿನಿಕ್‌ನಲ್ಲಿ ರೋಗಿ ಕೇಳಬಹುದು. ಲಿಖಿತ ಒಪ್ಪಿಗೆಗೆ ಸಹಿ ಹಾಕುವ ಮುನ್ನವೇ ಕೇಳಬೇಕು.