ಹಳೆಯ ಹೊಸಿಲು ನೆಪವಾಗಬಾರದು

ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗಾಗಿ ದಿವಂಗತ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿಸಿದರು. ಇಡೀ ಮನೆಯನ್ನೇ ತಂದ ಜಿಲ್ಲೆ ನಮ್ಮದು. ಇಲ್ಲಿ ಯಾವ ಮ್ಯೂಸಿಯಂನವರೂ 'ಹಳೇ ಕಟ್ಟಡ, ಏನೂ ಮಾಡುವಂತಿಲ್ಲ' ಎಂದರೆ ನಾವು ಒಪ್ಪುವುದಿಲ್ಲ. ಹೊಸಿಲಿಗೆ ತೆಗೆದಿಡಬಹುದಾದ ಮರದ ರ‍್ಯಾಂಪ್ ಇಟ್ಟರೆ ಪರಂಪರೆಗೇನೂ ಕುಂದಿಲ್ಲ.

ಕಾರ್ಕಳದ ಬೆಟ್ಟ ತಗ್ಗಿಸಿ ಎಂದೂ ಕೇಳುತ್ತಿಲ್ಲ. 42 ಅಡಿಯ ಗೊಮ್ಮಟನ ಪುಟ್ಟ ಪ್ರತಿಕೃತಿ ಕೆಳಗಿದ್ದರೆ ಕಣ್ಣು ಕಾಣದವರು ಮುಟ್ಟಿ ನೋಡಬಹುದು.

ಇದು ದಯೆಯ ಮಾತಲ್ಲ. ಅಂಗವಿಕಲರಿಗೂ ಕಲೆ ಎಟುಕಬೇಕು ಎನ್ನುತ್ತದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟ ಐದು ವರ್ಷದ ಗಡುವು 2022ಕ್ಕೇ ಮುಗಿದಿದೆ.

ಮುಂದಿನ ಸಲ ಟಿಕೆಟ್ ಕೌಂಟರಿನಲ್ಲಿ ಕೇಳಿ: ವೀಲ್‌ಚೇರಿನಲ್ಲಿರುವ ನಮ್ಮಜ್ಜಿ ಒಳಗೆ ಹೋಗುವುದು ಹೇಗೆ? 'ನಾವೇ ಎತ್ತಿಕೊಂಡು ಹೋಗ್ತೇವೆ' ಎಂಬುದು ಉತ್ತರವಲ್ಲ.